ಇಳಕಲ್ಲಿನ ಗಿಳಿಗಳನ್ನು ನಾನು ಅಳಿಸಿದ್ದು

ಕಂಪ್ಯೂಟರ್ ರಿಪೇರಿ ಕಲಿಯಬೇಕೆನ್ನುವವರು ಈಗಲೂ ಒಬ್ಬರಲ್ಲ ಒಬ್ಬರು ನಮ್ಮ ಮನೆಗೆ ಬರುತ್ತಾರೆ. ಕುಳಿತ ತಕ್ಷಣ ಕೇಳುವುದು ಯಾವ ಕೋರ್ಸು ಮಾಡಬೇಕು ಎಂದು. ನಾನು ಯಾವ ಕೋರ್ಸನ್ನೂ ಮಾಡಿದವನಲ್ಲ. ಬಾಗಲಕೋಟೆಯ ಒಂದೇ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಡಬ್ಬಿ ಬಿಚ್ಚಿದೆ, ಧೂಳು ಊದಿದೆ, ಮತ್ತೆ ಡಬ್ಬಿ ಮುಚ್ಚಿದೆ. ಹತ್ತು ಸಲ ಮುಚ್ಚಿದ ಮೇಲೂ ಒಂದು ಸ್ಕ್ರೂ ಕೈಯಲ್ಲಿ ಉಳಿಯುತ್ತಿತ್ತು. ಅದನ್ನು ಗಿರಾಕಿ ನೋಡದ ಹಾಗೆ ಕಿಸೆಗೆ ಹಾಕಿಕೊಳ್ಳುವುದೂ ಕಲಿಯಬೇಕಾದ ವಿದ್ಯೆಯೇ. ಅದನ್ನೆಲ್ಲ ಬಾಯಲ್ಲಿ ಹೇಳಿ ಸಾಕಾಗಿ, ಬರೆದಿಡುತ್ತಿದ್ದೇನೆ. ಇದರಲ್ಲಿ ಹೋಗುವ ಮಾನ ನನ್ನೊಬ್ಬನದೇ ಆದ್ದರಿಂದ ಯಾರನ್ನೂ ಕೇಳುವ ಅಗತ್ಯ ಕಾಣಲಿಲ್ಲ.

ನಮ್ಮ ಮಾಲೀಕರು ಪರಪ್ಪನವರು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. ಹಾರ್ಡ್ ಡಿಸ್ಕ್ ಚೆನ್ನಾಗಿದೆಯೋ ಕೆಟ್ಟಿದೆಯೋ ತಿಳಿಯಲು ಅವರು ಕಂಪ್ಯೂಟರಿನ ಡಬ್ಬಿಗೆ ಕಿವಿ ಹಚ್ಚುತ್ತಿದ್ದರು. ಆಗ ಅಂಗಡಿಯಲ್ಲಿ ಯಾರೂ ಕೆಮ್ಮುವಂತಿಲ್ಲ.

"ಟಕ್ ಟಕ್ ಅಂದ್ರ ಮುಗೀತು ಈರಣ್ಣ. ಗುರ್ ಅಂದ್ರ ಇನ್ನೊಂದು ವರ್ಷ ತೊಂದ್ರಿ ಇಲ್ಲ," ಎಂದು ನನಗೆ ಕಲಿಸಿದರು.

ಒಮ್ಮೆ ಒಂದು ಡಬ್ಬಿ ಟಕ್ ಟಕ್ ಎಂದಿತು. ಡಿಸ್ಕ್ ಬದಲಿಸಿದೆವು. ಮತ್ತೆ ಟಕ್ ಟಕ್. "ಹೊಸಾದೂ ಕೆಟ್ಟದ್ದ ಬಂದೈತಿ," ಎಂದರು. ಎರಡನೆಯ ಹೊಸದನ್ನು ಹಾಕಿದೆವು. ಅದೂ ಟಕ್ ಟಕ್. ಮೂರನೆಯದನ್ನು ಹಾಕುವಾಗ ಗಿರಾಕಿಯೇ ಬೆರಳು ತೋರಿಸಿದ, ಒಳಗೆ ಒಂದು ವೈರು ಫ್ಯಾನಿನ ರೆಕ್ಕೆಗೆ ಬಡಿಯುತ್ತಿತ್ತು. ಪರಪ್ಪನವರು ಕಿವಿ ಒರೆಸಿಕೊಂಡು, "ನಾ ಸಪ್ಪಳ ಐತಿ ಅಂದಿದ್ದೆ, ಎಲ್ಲಿಂದ ಅಂತ ಹೇಳಿದ್ದಿಲ್ಲ," ಎಂದರು. ಮುಂದೆ ಸಪ್ಪಳವೇ ಮಾಡದ ಹೊಸ ಜಾತಿಯ ಡಿಸ್ಕುಗಳು ಬಂದಾಗ ಅವರಿಗೆ ನಿಜವಾಗಿಯೂ ದುಃಖವಾಯಿತು. ಕಿವಿ ಹಚ್ಚಿ, ಬಹಳ ಹೊತ್ತು ಕಾದು, "ಏನೂ ಮಾತಾಡಂಗಿಲ್ಲಲ್ಲೋ ಇದು," ಎಂದು ಎದ್ದು ಹೋದರು.

ಅವತ್ತಿನಿಂದ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಕಿವಿಯ ಬದಲು ಕಪ್ಪು ಪರದೆ ತೆರೆಯುತ್ತಿದ್ದೆ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಂಡಿದ್ದ ಸಾಲು ಇದು:

wmic diskdrive get index,model,serialnumber,size,status

ಇದನ್ನು ಟೈಪು ಮಾಡಿ ಎಂಟರ್ ಒತ್ತಿದರೆ ಒಳಗಿರುವ ಪ್ರತಿ ಡಿಸ್ಕೂ ತನ್ನ ಕ್ರಮಸಂಖ್ಯೆ, ಮಾದರಿ, ಕಂಪನಿ ಕೊಟ್ಟ ಸೀರಿಯಲ್ ನಂಬರು, ಗಾತ್ರ ಮತ್ತು ಆರೋಗ್ಯವನ್ನು ಹೇಳುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಈ ಸಾಲು ಕೆಲಸ ಮಾಡುವುದಿಲ್ಲ. ಈಗಿನವರು ಪವರ್‌ಶೆಲ್ ತೆರೆದು Get-PhysicalDisk ಎನ್ನುತ್ತಾರೆ. ಕೇಳುವ ರೀತಿ ಬದಲಾಗಿದೆ, ಕೇಳುವ ಪ್ರಶ್ನೆ ಅದೇ: ನೀನು ಯಾರು, ಎಷ್ಟು ದೊಡ್ಡವನು, ಆರಾಮಾಗಿದ್ದೀಯಾ?

ಕೆರೂರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದ ಸಂಗಪ್ಪನಿಗೆ ಈ ಪರದೆ ಬಹಳ ಹಿಡಿಸಿತು. ಕೊನೆಯಲ್ಲಿ OK ಎಂದು ಬಂದದ್ದನ್ನು ನೋಡಿ, ಅದನ್ನು ಪ್ರಿಂಟ್ ತೆಗೆದು, ತನ್ನದೇ ಯಂತ್ರದಲ್ಲಿ ಲ್ಯಾಮಿನೇಶನ್ ಮಾಡಿ, ದೇವರ ಫೋಟೊದ ಪಕ್ಕ ತೂಗುಹಾಕಿದ. ಒಂಬತ್ತನೆಯ ದಿನ ಡಿಸ್ಕ್ ಸತ್ತಿತು. ಆ ಹಾಳೆ ಹಿಡಿದು ಬಾಗಲಕೋಟೆಗೆ ಬಂದ.

"ಏನ್ರಿ ಈರಣ್ಣಾರ, ನೀವ ಓಕೆ ಅಂತ ಬರ್ಕೊಟ್ಟೀರಿ."

"ನಾ ಬರದಿಲ್ಲಪ್ಪ. ಡಿಸ್ಕ್ ತಾನ ಹೇಳಿದ್ದು."

"ಅಂದ್ರ ಅದು ಸುಳ್ಳು ಹೇಳ್ತು?"

"ಸುಳ್ಳಲ್ಲ. ಅವತ್ತು ಅದಕ್ಕ ಹಂಗ ಅನಿಸಿತ್ತು."

ಸಂಗಪ್ಪ ಹಾಳೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ನಮ್ಮ ಮಾವನೂ ಹಂಗ ಇದ್ರು," ಎಂದು ಶಾಂತನಾದ. ಆರೋಗ್ಯದ ಬಗ್ಗೆ ಡಿಸ್ಕ್ ಹೇಳುವುದನ್ನು ಅರ್ಧ ನಂಬಿ. ಹೆಸರು, ನಂಬರಿನ ಬಗ್ಗೆ ಹೇಳುವುದನ್ನು ಪೂರ್ತಿ ನಂಬಿ. ಇದನ್ನು ನಾನು ಎಷ್ಟೋ ಜನರಿಗೆ ಉಪದೇಶ ಮಾಡಿದೆ. ಪಾಲಿಸುವ ಸರದಿ ನನ್ನದು ಬಂದಾಗ ಏನು ಮಾಡಿದೆ ಎನ್ನುವುದೇ ಮುಂದಿನ ಕಥೆ.

ನಿವೃತ್ತಿಗೆ ಎಂಟು ತಿಂಗಳಿದ್ದಾಗ ಇಳಕಲ್ಲಿನಿಂದ ರಜಿಯಾಬಾನು ಫೋನ್ ಮಾಡಿದರು. ಸೀರೆಗಳ ಮೇಲೆ ಕಸೂತಿ ಹಾಕುವ ಎರಡು ಕಂಪ್ಯೂಟರ್ ಯಂತ್ರ ಇಟ್ಟುಕೊಂಡು ದುಡಿಯುವ ಹೆಣ್ಣುಮಗಳು. ಆನೆ ಅಂಬಾರಿ, ಕಮಲದ ಬಳ್ಳಿ, ತುಳಸಿಕಟ್ಟೆ, ಹೀಗೆ ನಲವತ್ತೊಂದು ನಮೂನೆಗಳನ್ನು ಆರು ವರ್ಷ ಕುಳಿತು, ಒಂದೊಂದೇ ಹೊಲಿಗೆ ಎಣಿಸಿ, ತಾವೇ ಕಂಪ್ಯೂಟರಿನಲ್ಲಿ ಬರೆದಿದ್ದರು.

"ಅಣ್ಣಾರ, ನನ್ನ ನಮೂನಿ ಎಲ್ಲಾ ಒಂದ ಡಿಸ್ಕಿನಾಗ ಅದಾವು. ಅದು ಹೋದ್ರ ನಾ ಹೋದ್ನಿ. ಇನ್ನೊಂದರಾಗ ನಕಲು ಮಾಡಿಕೊಡ್ರಿ," ಎಂದರು.

ಎಂತಹ ಜಾಣ ಗಿರಾಕಿ ನೋಡಿ. ಕಳೆದುಹೋಗುವ ಮೊದಲೇ ಕರೆದವರು ನನ್ನ ಸೇವೆಯಲ್ಲಿ ಅವರೊಬ್ಬರೇ.

ಹೋದೆ. ಅವರ ತಮ್ಮನ ಹಳೆಯ ಕಂಪ್ಯೂಟರಿನಿಂದ ತೆಗೆದ ಡಿಸ್ಕ್ ಒಂದಿತ್ತು. ಅದರ ತುಂಬ ಸಿನಿಮಾ. ಅದನ್ನು ಖಾಲಿ ಮಾಡಿ ನಕಲಿಗೆ ಬಳಸುವುದೆಂದು ನಿಶ್ಚಯವಾಯಿತು. ಡಬ್ಬಿಯಲ್ಲಿ ಸೇರಿಸಿ ನೋಡಿದೆ. ಕ್ರಮಸಂಖ್ಯೆ ಸೊನ್ನೆಯ ಡಿಸ್ಕಿನಲ್ಲಿ ವಿಂಡೋಸ್, ಒಂದರಲ್ಲಿ ಸಿನಿಮಾ, ಎರಡರಲ್ಲಿ ನಮೂನೆಗಳು. ಒಂದೂ ಎರಡೂ ಗಾತ್ರದಲ್ಲಿ ಅವಳಿ ಜವಳಿ. ಸರಿ ಎಂದು ಮನಸ್ಸಿನಲ್ಲೇ ಬರೆದುಕೊಂಡೆ. ಆಮೇಲೆ ಡಬ್ಬಿಯ ಮುಚ್ಚಳ ಕೂಡಲಿಲ್ಲ. ಕಂಪ್ಯೂಟರ್ ಆರಿಸಿ, ಎರಡೂ ಡಿಸ್ಕಿನ ವೈರು ಕಿತ್ತು, ಬೇರೆ ಸಂದಿಯಿಂದ ತಂದು ಸಿಕ್ಕ ಕಡೆ ಚುಚ್ಚಿ, ಮತ್ತೆ ಚಾಲೂ ಮಾಡಿದೆ.

ವೈರು ಬೇರೆ ಕಡೆ ಚುಚ್ಚಿದರೆ ಡಿಸ್ಕಿನ ಕ್ರಮಸಂಖ್ಯೆ ಬದಲಾಗಬಹುದು. ಸೀರಿಯಲ್ ನಂಬರು ಮಾತ್ರ ಬದಲಾಗುವುದಿಲ್ಲ. ಇದು ನನಗೆ ಗೊತ್ತಿತ್ತು. ಕ್ಯಾಲೆಂಡರಿನ ಹಾಳೆಯೂ ಚೀಲದಲ್ಲಿತ್ತು. ಆದರೆ ಆ ಹೊತ್ತಿಗೆ ಸರಿಯಾಗಿ ರಜಿಯಾಬಾನು ಅವರ ತಾಯಿ ಮಂಡಕ್ಕಿಯ ಗಿರಮಿಟ್ಟು, ಬಿಸಿ ಮಿರ್ಚಿ ಬಜ್ಜಿ ತಂದಿಟ್ಟರು. ಡಿಸ್ಕ್ ಖಾಲಿ ಮಾಡುವ ಡಿಸ್ಕ್‌ಪಾರ್ಟ್ ತೆರೆದು, ಒಂದನೆಯದನ್ನು ಆರಿಸಿ, clean all ಎಂದು ಒತ್ತಿ, ಮಿರ್ಚಿಗೆ ಕೈ ಹಾಕಿದೆ.

ಬರಿಯ clean ಎಂದರೆ ಮನೆಯ ಬಾಗಿಲಿನ ಹೆಸರುಫಲಕ ಕಿತ್ತ ಹಾಗೆ, ಒಳಗಿನ ಸಾಮಾನನ್ನು ಹೇಗೋ ಹುಡುಕಬಹುದು. ಹಿಂದೆ all ಸೇರಿದರೆ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತಾ ಹೋಗುತ್ತದೆ, ಏನೂ ಉಳಿಯುವುದಿಲ್ಲ. ಅಷ್ಟು ದೊಡ್ಡ ಡಿಸ್ಕಿಗೆ ಎರಡು ತಾಸು ಬೇಕು. ಆ ಎರಡು ತಾಸು ನಾನು ಮಿರ್ಚಿ ತಿನ್ನುತ್ತಾ, ನನ್ನ ಕೈಯಲ್ಲಿ ಇದುವರೆಗೆ ಯಾರ ಒಂದು ಫೋಟೊವೂ ಹೋಗಿಲ್ಲ ಎಂದು ಆ ತಾಯಿಗೆ ವಿವರಿಸಿದೆ.

ಕೈ ತೊಳೆದು ಬಂದು ನೋಡಿದರೆ ಸಿನಿಮಾಗಳು ಒಂದೂ ತಪ್ಪದೆ ಇದ್ದವು.

ಆಗ ಚೀಲದಿಂದ ಹಾಳೆ ತೆಗೆದು ಆ ಸಾಲನ್ನು ಟೈಪು ಮಾಡಿ ನೋಡಿದೆ. ನಂಬರು ಸ್ಪಷ್ಟವಾಗಿ ಹೇಳಿತು: ಖಾಲಿ ಮಾಡಿದ್ದು ರಜಿಯಾಬಾನು ಅವರ ಡಿಸ್ಕು. ಪಕ್ಕದಲ್ಲಿ ಆರೋಗ್ಯ OK ಎಂದಿತ್ತು. ಅದಕ್ಕೇನು, ಡಿಸ್ಕಿನ ಹೊಟ್ಟೆ ಹಗುರಾಗಿತ್ತು.

"ತಂಗೀ, ಒಂದು ತಪ್ಪಾಗೈತಿ," ಎಂದೆ.

"ಎಷ್ಟು ಹೋದ್ವು?"

"ಎಲ್ಲಾ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕುರ್ಚಿಯ ಮೇಲೆ ಕುಳಿತು, ಕೈಯನ್ನು ಮೌಸಿನ ಮೇಲಿಟ್ಟು, ಖಾಲಿ ಡಿಸ್ಕನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಕಣ್ಣು ತುಂಬಿತ್ತು. ತಾಯಿ ಮಾತ್ರ ನನ್ನ ಮುಂದಿನ ಮಿರ್ಚಿಯ ತಟ್ಟೆಯನ್ನು ಸದ್ದಿಲ್ಲದೆ ಎತ್ತಿಕೊಂಡು ಒಳಗೆ ಹೋದರು.

ಕಸೂತಿ ಯಂತ್ರದ ನೆನಪಿನಲ್ಲಿ ಕೊನೆಗೆ ಹೊಲಿದ ನಾಲ್ಕು ನಮೂನೆ ಉಳಿದಿದ್ದವು. ಬಾಕಿ ಮೂವತ್ತೇಳು ಇಲ್ಲ. ಅದರಲ್ಲಿ 'ಜೋಡಿ ಗಿಳಿ' ಎಂಬುದು ಮೂರು ವಾರದೊಳಗೆ ಬೇಕಾಗಿತ್ತು. ಬಾದಾಮಿಯ ಒಂದು ಮಹಿಳಾ ಸಂಘದವರು ಅದೇ ನಮೂನೆಯ ಇಪ್ಪತ್ತು ಸೀರೆ ಹೇಳಿದ್ದರು. ಇದು ರಜಿಯಾಬಾನು ಅವರಿಗೆ ಬಂದ ಮೊದಲ ದೊಡ್ಡ ಆರ್ಡರು. ಸಂಘದವರ ಹತ್ತಿರ ಒಂದು ಫೋಟೊ ಇತ್ತು ನಿಜ, ಆದರೆ ಹೆಬ್ಬೆರಳ ಉಗುರಿನಷ್ಟು. ಅದರಲ್ಲಿ ಗಿಳಿ ಯಾವುದು, ಹಸಿಮೆಣಸಿನಕಾಯಿ ಯಾವುದು ತಿಳಿಯುತ್ತಿರಲಿಲ್ಲ.

ರಜಿಯಾಬಾನು ಮೂಗು ಒರೆಸಿಕೊಂಡು ಹೇಳಿದರು: "ಅಣ್ಣಾರ, ಡಿಸ್ಕಿನಾಗ ಇಲ್ಲ, ಖರೆ. ಆದ್ರ ಸೀರಿ ಮ್ಯಾಲ ಅದಾವಲ್ಲ? ನಮ್ಮ ಸೀರಿ ಉಟ್ಟೋರು ಈ ನಾಕ ಊರಾಗ ಅದಾರ. ಸೆರಗಿನ ಫೋಟೊ ನೆಟ್ಟಗ ಬಂತಂದ್ರ ಹೊಲಿಗಿ ಎಣಿಸಿ ನಾ ಮತ್ತ ಬರೀತೇನಿ. ಅಳಿಸಿದೋರು ನೀವು, ಹುಡುಕೋರೂ ನೀವ."

ಒಪ್ಪಿದೆ. ಒಪ್ಪದೆ ಏನು ಮಾಡಲಿ? ಕೆರೂರಿನ ಒಂದು ಬಟ್ಟೆ ಅಂಗಡಿಗೆ ಬಹಳ ಸೀರೆ ಹೋಗಿವೆ ಎಂದು ಅವರು ಹೇಳಿದ್ದರಿಂದ ಮೊದಲು ಅಲ್ಲಿನ ಸಂತೆಗೆ ಹೋದೆ. ಅಂಚಿಗೆ ಸಣ್ಣ ಸಣ್ಣ ಕಮಲ ಇದ್ದರೆ ಅದು ತಮ್ಮ ಕೆಲಸ ಎಂದು ಗುರುತು ಕೊಟ್ಟಿದ್ದರು. ನೀವೇ ಯೋಚಿಸಿ. ಐವತ್ತೊಂಬತ್ತು ವರ್ಷದ ಮನುಷ್ಯ, ಕೈಯಲ್ಲಿ ಮೊಬೈಲು, ಸಂತೆಯ ನಡುವೆ ನಿಂತು ಹೆಂಗಸರ ಸೆರಗಿನ ಅಂಚು ನೋಡುತ್ತಿದ್ದಾನೆ.

ಉಳ್ಳಾಗಡ್ಡಿ ಆರಿಸುತ್ತಿದ್ದ ಗಟ್ಟಿಮುಟ್ಟಾದ ಹೆಂಗಸೊಬ್ಬಳ ಸೆರಗಿನಲ್ಲಿ ಕಮಲ ಕಂಡಿತು. ಹಿಂದೆ ಹೋದೆ. ಆಕೆ ಬದನೆಕಾಯಿಯ ಕಡೆ ಹೋದಳು, ನಾನೂ ಹೋದೆ. ಮೊಬೈಲು ಎತ್ತಿದೆ. ಆಕೆ ತಿರುಗಿದಳು.

"ಯಾಕೋ ಮುದುಕಾ, ಏನ್ ನೋಡಾಕತ್ತಿ?"

ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಇದು: "ಯವ್ವಾ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಸೆರಗು ನನ್ನ ಕೈಯಾಗ ಅಳಿಸಿ ಹೋಗೈತಿ."

ಇದಕ್ಕಿಂತ ಕೆಟ್ಟ ಮಾತು ಆ ಸಂತೆಯಲ್ಲಿ ಯಾರೂ ಆಡಿರಲಾರರು. ನಾಲ್ಕು ಜನ ಕೂಡಿದರು, ನಾಲ್ಕು ಹತ್ತಾಯಿತು. ಒಬ್ಬ ನನ್ನ ಅಂಗಿಯ ಕೊರಳಪಟ್ಟಿ ಹಿಡಿದ. ನಾನು ಕ್ರಮಸಂಖ್ಯೆ ಬದಲಾಗುವ ವಿಷಯ ವಿವರಿಸಲು ಹೋದೆ, ಹಿಡಿತ ಬಿಗಿಯಾಯಿತು. ಕೊನೆಗೆ ರಜಿಯಾಬಾನು ಅವರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಹಿಡಿದೆ.

"ಅಂವಾ ಕಳ್ಳ ಅಲ್ರಿ," ಎಂದು ಫೋನಿನಿಂದ ದನಿ ಬಂತು. "ಬರೇ ತಿಳಿಗೇಡಿ ಅದಾನ. ಬಿಡ್ರಿ."

ಆ ಹೆಂಗಸಿನ ಹೆಸರು ಕಾಶವ್ವ. ಪೂರ್ತಿ ಕಥೆ ಕೇಳಿದ ಮೇಲೆ ಆಕೆ ನಕ್ಕ ನಗೆಗೆ ಪಕ್ಕದ ಅಂಗಡಿಯ ತೂಕದ ಕಲ್ಲು ಉರುಳಿತು. ನನ್ನ ಕೊರಳಪಟ್ಟಿ ಹಿಡಿದವನ ಕೈಗೇ ಸೆರಗಿನ ಒಂದು ತುದಿ ಕೊಟ್ಟು, "ಎಳದ ಹಿಡಿ, ನೆಟ್ಟಗ ಬರ್ಲಿ," ಎಂದು ಹುಕುಂ ಮಾಡಿದಳು. ಫೋಟೊ ಬಂತು. ಅದು ಗಿಳಿ ಅಲ್ಲ, ಆನೆ ಅಂಬಾರಿ. ಆದರೂ ಮೂವತ್ತೇಳರಲ್ಲಿ ಒಂದು ಸಿಕ್ಕಿತಲ್ಲ! ಹೋಗುವಾಗ ಕಾಶವ್ವನೇ ಹೇಳಿದಳು: "ಜೋಡಿ ಗಿಳೀದು ನಮ್ಮ ಚಿಗವ್ವ ಉಡ್ತಿದ್ಲು. ಪಟ್ಟದಕಲ್ಲಾಗ ಎಳನೀರು ಮಾರ್ತಾಳ, ಶಿವಕ್ಕ ಅಂತ. ಹೋಗು. ಆದ್ರ ಹಿಂದಿಂದ ಹೋಗಬ್ಯಾಡ, ಎದರಿಗೆ ಹೋಗು."

ನಾನು ಬಾಗಲಕೋಟೆ ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ನನ್ನ ಹೆಂಡತಿ ನೀಲಾ ಬಾಗಿಲಲ್ಲಿ ನಿಂತಿದ್ದಳು.

"ಮೂವತ್ತು ವರ್ಷ ನಾ ಯಾವ ಸೀರಿ ಉಟ್ರೂ ಕಣ್ಣೆತ್ತಿ ನೋಡಿಲ್ಲ ನೀವು," ಎಂದಳು. "ಈಗ ಸಂತ್ಯಾಗ ನಿಂತು ಮಂದಿ ಸೆರಗು ನೋಡಾಕ ಹೊಂಟೀರಲ್ಲ!"

ಎಲ್ಲ ಹೇಳಿದೆ. ಅವಳು ನನ್ನ ನೌಕರಿಯ ಬಗ್ಗೆ ಯಾವತ್ತೂ ಒಂದು ಪ್ರಶ್ನೆ ಕೇಳಿದವಳಲ್ಲ. ಅವತ್ತು ಕೇಳಿದಳು: "ಎರಡೂ ಒಂದ ಥರಾ ಇದ್ವು ಅಂದ್ರ ಒಂದಕ್ಕ ದಾರ ಕಟ್ಟಬೇಕಿಲ್ಲೇನು?" ಇಪ್ಪತ್ತೆಂಟು ವರ್ಷದಲ್ಲಿ ನನಗೆ ಹೊಳೆಯದ್ದು. ಮರುದಿನ ನನಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದಳು.

ಬಾದಾಮಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಪಟ್ಟದಕಲ್ಲಿಗೆ ಇಳಿದೆವು. ಶಿವಕ್ಕ ಎಳನೀರು ಕೆತ್ತುತ್ತಿದ್ದಳು. ನಾನು ಕಾಶವ್ವ ಹೇಳಿದಂತೆ ಎದುರಿನಿಂದ ಹೋದೆ. ಮಾತು ಮಾತ್ರ ನೀಲಾ ಆಡಿದಳು.

"ಅಯ್ಯ, ಆ ಸೀರಿ ಮುಳ್ಳಿಗೆ ಸಿಕ್ಕು ಹರೀತ ನಮ್ಮವ್ವ," ಎಂದಳು ಶಿವಕ್ಕ. "ಸೆರಗು ಚಂದ ಇತ್ತಂತ ಕೌದಿಗೆ ಹಚ್ಚಿ ಹೊಲಿದೇನಿ."

ಹಳೆಯ ಬಟ್ಟೆಯ ತುಂಡು ಸೇರಿಸಿ ಹೊಲಿದ ಆ ಕೌದಿಯನ್ನು ಅಂಗಡಿಯ ಹಿಂದೆ ನೆರಳಿನಲ್ಲಿ ಹಾಸಿದ್ದರು. ಅದರ ಮೇಲೆ ಶಿವಕ್ಕನ ಮೊಮ್ಮಗಳು, ಆರು ತಿಂಗಳ ಕೂಸು, ಕೈಕಾಲು ಚೆಲ್ಲಿ ಮಲಗಿತ್ತು. ಒಂದು ಗಿಳಿ ಕೂಸಿನ ಕಾಲ ಬಳಿ ಸ್ಪಷ್ಟವಾಗಿ ಕಾಣುತ್ತಿತ್ತು. ಇನ್ನೊಂದು ಅದರ ಬೆನ್ನ ಕೆಳಗೆ.

"ಸ್ವಲ್ಪ ಎತ್ತಿಕೋತೀರಾ?" ಎಂದು ಕೇಳಿದೆ.

ಶಿವಕ್ಕ ಕೈಯಲ್ಲಿದ್ದ ಕುಡಗೋಲು ಕೆಳಗಿಳಿಸದೆ ನನ್ನನ್ನು ನೋಡಿದಳು. "ಮುಂಜಾನಿಂದ ಅತ್ತು ಅತ್ತು ಈಗ ಮಲಗೈತಿ. ಅದನ್ನ ಎಬ್ಬಿಸಿದೋರನ್ನ ನಾ ಸುಮ್ಮನ ಬಿಡಂಗಿಲ್ಲ."

ಕುಳಿತೆವು. ಒಂದು ತಾಸಾಯಿತು. ಒಂದೊಂದು ಎಳನೀರು ಕುಡಿದೆವು. ಎರಡು ತಾಸಾಯಿತು. ಕೂಸು ಹೊರಳಿತು, ನಾವು ಎದ್ದು ನಿಂತೆವು. ಅದು ಹೊರಳಿದ್ದು ಮೊದಲನೆಯ ಗಿಳಿಯ ಮೇಲೆ. ಎರಡನೆಯದು ಇಷ್ಟಿಷ್ಟೇ ಕಂಡಿತು, ಮತ್ತೆ ಕೂಸು ಮೊದಲಿನ ಜಾಗಕ್ಕೇ ಬಂತು. ಮೊಬೈಲು ಹಿಡಿದ ನನ್ನ ಕೈ ಸೋತಿತ್ತು. ನಡುವೆ ಪ್ರವಾಸಿಗಳ ಗುಂಪೊಂದು ನಾವು ಏನೋ ಅಪರೂಪದ್ದು ನೋಡುತ್ತಿದ್ದೇವೆಂದು ತಿಳಿದು ನಮ್ಮ ಹಿಂದೆ ಬಂದು ನಿಂತಿತು. ಸ್ವಲ್ಪ ಹೊತ್ತು ಕೂಸನ್ನೇ ನೋಡಿ, ಒಂದು ಫೋಟೊ ತೆಗೆದುಕೊಂಡು ಹೋಯಿತು.

ಮೂರನೆಯ ತಾಸಿಗೆ ಕೂಸು ತಾನಾಗಿ ಎದ್ದು, ನಮ್ಮನ್ನು ನೋಡಿ ನಕ್ಕು, ಎರಡನೆಯ ಗಿಳಿಯ ಮೇಲೆ ಉಚ್ಚೆ ಹೊಯ್ಯಿತು. ಶಿವಕ್ಕ ಕೂಸನ್ನು ಎತ್ತಿಕೊಂಡಳು, ನೀಲಾ ಕೌದಿಯ ಮೇಲೆ ಕಡ್ಡಿಪೆಟ್ಟಿಗೆ ಇಟ್ಟಳು. ಅಳತೆಗೆ ಏನಾದರೂ ಇಡಬೇಕೆಂದು ಅವಳಿಗೇ ಹೊಳೆದಿತ್ತು. ಒಣ ಗಿಳಿ, ಹಸಿ ಗಿಳಿ ಎರಡರ ಫೋಟೊವನ್ನೂ ತೆಗೆದು ಇಳಕಲ್ಲಿಗೆ ಕಳಿಸಿದೆವು. ಹಸಿ ಗಿಳಿ ಸ್ವಲ್ಪ ಮುದುಡಿತ್ತು. ಇದು ನಡೆಯುವುದೋ ಇಲ್ಲವೋ ಎಂದು ಯೋಚಿಸುತ್ತಿದ್ದಾಗ ರಜಿಯಾಬಾನು ಅವರ ಫೋನು ಬಂತು.

"ಒಂದ ಗಿಳಿ ಸಾಕಾಗಿತ್ತಲ್ರಿ ಅಣ್ಣಾರ. ಇನ್ನೊಂದು ಅದನ್ನ ತಿರುಗಿಸಿದ್ದು. ಕಂಪ್ಯೂಟರಿನಾಗ ಒಂದ ಗುಂಡಿ ಒತ್ತಿದ್ರ ಆತು. ನಿಮಗ ಕಂಪ್ಯೂಟರ್ ಬರ್ತೈತಲ್ಲ?"

ನೀಲಾ ಬಾದಾಮಿಯವರೆಗೂ ನಕ್ಕಳು. ಬಸ್ಸಿನಲ್ಲಿ ಕಂಡಕ್ಟರ್ ಕಾರಣ ಕೇಳಿದ, ಅವನಿಗೂ ಹೇಳಿದಳು. ಅವನು ಚಾಲಕನಿಗೆ ಹೇಳಿದ.

ರಜಿಯಾಬಾನು ನಾಲ್ಕು ದಿನದಲ್ಲಿ ಗಿಳಿಯನ್ನು ಮತ್ತೆ ಬರೆದರು. ಎರಡೂ ಯಂತ್ರ ಬಿಡುವಿಲ್ಲದೆ ಓಡಿದವು. ಇಪ್ಪತ್ತು ಸೀರೆ ಬಾದಾಮಿಗೆ ಹೇಳಿದ ದಿನವೇ ಹೋದವು. ಸಂಘದ ಅಧ್ಯಕ್ಷೆ ಸೀರೆ ಬಿಚ್ಚಿ, ಗಿಳಿಗಳ ಮೇಲೆ ಕೈಯಾಡಿಸಿ, "ಫೋಟೊದಾಗ ಇವು ಮೆಣಸಿನಕಾಯಿ ಅಂದ್ಕೊಂಡಿದ್ವಿ, ಗಿಳಿ ಏನ್ರಿ? ಇನ್ನಾ ಛಲೋ ಆತು," ಎಂದರಂತೆ.

ಉಳಿದ ನಮೂನೆಗಳ ಬೇಟೆಗೆ ನಾನು ಬೇಡವಾದೆ. ನಾನು ಕೇಳಿದರೆ ಹೆಂಗಸರು ಸೆರಗು ಬಿಗಿ ಮಾಡುತ್ತಿದ್ದರು. ನೀಲಾ "ಎಲ್ಲಿ ತಗೊಂಡ್ರಿ? ಭಾಳ ಚಂದ ಐತಿ" ಎಂದರೆ ಸಾಕು, ಹುನಗುಂದದ ಬಸ್ ನಿಲ್ದಾಣದಲ್ಲೇ ಸೆರಗು ಹರಡಿ ತೋರಿಸಿ, ಮನೆಗೆ ಕರೆದು ಚಹಾ ಕೊಟ್ಟು, ಪೆಟ್ಟಿಗೆಯಲ್ಲಿದ್ದ ಇನ್ನೆರಡು ಸೀರೆಯನ್ನೂ ತೆಗೆಯುತ್ತಿದ್ದರು. ಮೂವತ್ತೇಳರಲ್ಲಿ ಮೂವತ್ತನಾಲ್ಕು ಸಿಕ್ಕವು. ಮೂರು ಎಲ್ಲಿವೆಯೋ ಇವತ್ತಿಗೂ ತಿಳಿದಿಲ್ಲ.

ನಕಲು ಮಾಡಲು ಇಳಕಲ್ಲಿಗೆ ಮತ್ತೆ ಹೋದೆ. ಈ ಸಲ ರಜಿಯಾಬಾನು ನನ್ನ ಪಕ್ಕದಲ್ಲೇ ಕುಳಿತರು. ಎಂಟರ್ ಒತ್ತುವ ಮೊದಲು ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ನಾನು ಜೋರಾಗಿ ಓದಬೇಕು, ಅವರ ತಾಯಿ ಡಿಸ್ಕಿನ ಮೇಲಿನ ಚೀಟಿ ನೋಡಿ "ಹೌದು" ಎನ್ನಬೇಕು. ಮೂರು ಸಲ ಓದಿಸಿದರು. ತಿನ್ನಲು ಏನೂ ಕೊಡಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರು ಈ ಪದ್ಧತಿಯನ್ನು ಹಾಗೆಯೇ ಇಟ್ಟುಕೊಳ್ಳಬಹುದು. ಹತ್ತಿರ ಒಬ್ಬ ತಾಯಿ ಇಲ್ಲದಿದ್ದರೆ ಯಾರನ್ನಾದರೂ ಕೂಡಿಸಿಕೊಳ್ಳಿ.

ಎಲ್ಲ ಮುಗಿದ ಮೇಲೆ ರಜಿಯಾಬಾನು, "ಅಣ್ಣಾರ, ಒಂದು ಮಾತು," ಎಂದರು. ನಾನು ಬೈಗುಳಕ್ಕೆ ಸಿದ್ಧನಾದೆ. "ವೈನಿಯವರನ್ನ ನನ್ನ ಕಡೆ ಕೆಲಸಕ್ಕ ಕಳಸ್ತೀರೇನು? ಹಳೇ ಸೀರಿ ಮ್ಯಾಲಿನ ನಮೂನಿ ಹುಡುಕಿ ತರೋರು ಬೇಕು ನನಗ. ಅವರ ಕಣ್ಣು ಭಾಳ ಛಲೋ ಐತಿ."

ನೀಲಾಗೆ ಹೇಳಿದೆ. ಪೂರ್ತಿ ಹೇಳಿ ಮುಗಿಸುವುದರೊಳಗೆ ಒಪ್ಪಿದ್ದಳು.

ಈಗ ನನಗೆ ನಿವೃತ್ತಿಯಾಗಿ ಎರಡು ವರ್ಷ. ವಾರಕ್ಕೆ ನಾಲ್ಕು ದಿನ ನೀಲಾ ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗುತ್ತಾಳೆ. ನಾನು ಅನ್ನ, ಸಾರು ಕಲಿತಿದ್ದೇನೆ. ರೊಟ್ಟಿ ಇನ್ನೂ ದುಂಡಗೆ ಬರುತ್ತಿಲ್ಲ. ಮೊನ್ನೆ ಹುನಗುಂದಕ್ಕೆ ಹೋದವಳು ಸಂಜೆ ಆರಾದರೂ ಬರಲಿಲ್ಲ. ಫೋನ್ ಮಾಡಿದೆ.

"ಎಲ್ಲಿದೀ? ಹುನಗುಂದದ ಬಸ್ ಬಂದು ತಾಸಾತು."

"ಬಸ್ಸಿನಾಗ ಅದೀನ್ರಿ," ಎಂದು ಪಿಸುಗುಟ್ಟಿದಳು. "ಮುಂದಿನ ಸೀಟಿನ್ಯಾಗ ಒಬ್ಬ ಮುದುಕಿ ಕುಂತಾಳ. ಏನ ಸೆರಗಂತೀರಿ! ಅರ್ಧ ಅಷ್ಟ ಕಾಣಾಕತ್ತೈತಿ, ನಿದ್ದಿ ಹತ್ತೈತಿ ಆಕೀಗೆ. ಎದ್ದಳಂದ್ರ ಕೇಳ್ತೇನಿ. ನೀವು ಊಟ ಮಾಡಿಬಿಡ್ರಿ."

"ಅಲ್ಲ, ಆ ಬಸ್ ಎಲ್ಲಿಗೆ ಹೊಂಟೈತಿ?"

ಅವಳು ಆಗ ಕಿಟಕಿಯ ಹೊರಗೆ ನೋಡಿರಬೇಕು.

"ತಡೀರಿ," ಎಂದಳು, "ಕಂಡಕ್ಟರನ್ನ ಕೇಳಿ ಹೇಳ್ತೇನಿ."